ಹೊಸತೊಡಕಿನ ಪಾಲು

ಕೆಂಚಾರ್ಲಹಳ್ಳಿಯಲ್ಲಿ ನನ್ನ ಮೊದಲ ಮುಂಜಾನೆ. ಮಳೆ ಸುರಿಯುವ ಸದ್ದಿಗೆ ಎಚ್ಚರವಾಗಿ, ಒಣಗಲು ಹಾಕಿದ್ದ ಪಂಚೆ ಎತ್ತಿಕೊಳ್ಳಲು ಹೊರಗೆ ಓಡಿದೆ. ಅಂಗಳದಲ್ಲಿ ಹನಿ ನೀರಿಲ್ಲ. ಆಕಾಶದಲ್ಲಿ ಚೂರು ಮೋಡವಿಲ್ಲ. ಬಿಂದಿಗೆ ಹಿಡಿದು ಬಾವಿಗೆ ಹೊರಟಿದ್ದ ಮನೆಯೊಡತಿ ಅಕ್ಕಯ್ಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಪ್ಪಾ ಮೇಷ್ಟ್ರೇ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?"

"ಮಳೆ ಬಂತಲ್ಲ ಅಮ್ಮ?"

ಆಕೆ ಬಿಂದಿಗೆ ಕೆಳಗಿಟ್ಟು ನಕ್ಕರು. "ಅಯ್ಯೋ ನನ್ನಪ್ಪಾ! ಅದು ಹುಳ ಸೊಪ್ಪು ತಿನ್ನೋ ಸದ್ದು ಕಣಪ್ಪಾ!"

ನನ್ನ ಕೋಣೆಯ ಗೋಡೆಯಾಚೆ ಬಿದಿರು ತಟ್ಟೆಗಳ ತುಂಬ ರೇಷ್ಮೆಹುಳಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಗಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಹೆಂಗಸರು ನನ್ನನ್ನು ಕಂಡರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನನಗೆ ನಗು ಬರಲಿಲ್ಲ. ಮಳೆಯಲ್ಲ ಎಂದು ಗೊತ್ತಾದ ಮೇಲೂ ಎಷ್ಟೋ ದಿನ ಆ ಸದ್ದಿಗೆ ಕಿವಿಗೊಟ್ಟು ಸುಮ್ಮನೆ ಮಲಗಿರುತ್ತಿದ್ದೆ.

ಇದನ್ನು ಓದುತ್ತಿರುವ ಕುಂದಾಪುರದ ಕಡೆಯ ನೀವು ಕೇಳಬಹುದು, ಅಲ್ಲಿಗೆ ಯಾಕೆ ಹೋದೆ ಮಾರಾಯ ಎಂದು. ನಾನಾಗಿ ಹೋದವನಲ್ಲ. ಮದರಾಸಿಗೆ ಸೇರಿದ್ದ ನಮ್ಮ ಜಿಲ್ಲೆ ಮೈಸೂರಿಗೆ ಸೇರಿತು, ನನ್ನ ಹೆಸರು ಈ ಕಡೆಯ ಪಟ್ಟಿಗೆ ಸೇರಿತು, ಅಷ್ಟೆ. ಕನ್ನಡದ ಸೀಮೆಯೇ ತಾನೇ ಎಂದು ಧೈರ್ಯದಿಂದ ಬಂದೆ. ಬಂದರೆ, ಮಕ್ಕಳು ನನ್ನೊಡನೆ ಕನ್ನಡ, ತಮ್ಮ ತಮ್ಮಲ್ಲಿ ತೆಲುಗು. ನನ್ನ ಕನ್ನಡ ಕೇಳಿದರೆ ಮೂಲೆಯಲ್ಲಿ ಕಿಸಕ್ಕೆನ್ನುತ್ತಿದ್ದರು. ನಮ್ಮಲ್ಲಿ ಎತ್ತ ತಿರುಗಿದರೂ ನೀರು, ಇಲ್ಲಿ ಎತ್ತ ತಿರುಗಿದರೂ ಬಂಡೆ. ಮೀನೆಂದರೆ ಚಿಂತಾಮಣಿ ಸಂತೆಯ ಒಣಮೀನು. ಅದರ ವಾಸನೆಗೆ ನನಗೆ ಕಣ್ಣು ತುಂಬಿದರೆ ಅಂಗಡಿಯವನು ಖಾರದ ಘಾಟೆಂದುಕೊಂಡ.

ಜನ ಕೆಟ್ಟವರಲ್ಲ. ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು, ಬಿಸಿಲಲ್ಲಿ ಹೋದರೆ ಮಜ್ಜಿಗೆ ಕೊಡುತ್ತಿದ್ದರು. ಆದರೆ ಜಗಲಿಯಿಂದ ಒಳಗೆ ಯಾರೂ ಕರೆಯುತ್ತಿರಲಿಲ್ಲ. ಇದು ನನಗೆ ಸರಿಯಾಗಿ ಅರ್ಥವಾದದ್ದು ಮೊದಲ ಹೊಸತೊಡಕಿನ ದಿನ.

ನಮ್ಮಲ್ಲಿ ಯುಗಾದಿಯೆಂದರೆ ಬೆಳಗ್ಗೆ ಎದ್ದೊಡನೆ ಹಣ್ಣು, ಕನ್ನಡಿ ಜೋಡಿಸಿಟ್ಟ ಕಣಿ ನೋಡಿ, ಪಾಯಸ ಉಂಡರೆ ಮುಗಿಯಿತು. ಇಲ್ಲಿ ಯುಗಾದಿಯ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕು. ಅವತ್ತು ಬಾಡೂಟ, ಅವತ್ತೇ ಬೇಟೆ. ಗಂಡಸರೆಲ್ಲ ನಸುಕಿಗೇ ಗುಟ್ಟೆಗೆ, ಎಂದರೆ ಊರ ಹಿಂದಿನ ಕಲ್ಲುಗುಡ್ಡಕ್ಕೆ, ಹೋಗುತ್ತಾರೆ. ಸಿಕ್ಕ ಮಾಂಸವನ್ನು ಅರಳಿಕಟ್ಟೆಯ ಬಳಿ ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಗುಡ್ಡೆಯಾಗಿ ಹಾಕುತ್ತಾರೆ. ಒಬ್ಬ ಹಿರಿಯ ಗುಡ್ಡೆಗಳಿಗೆ ಬೆನ್ನು ಹಾಕಿ ಕೂರುತ್ತಾನೆ. ಹಿಂದಿನಿಂದ ಇನ್ನೊಬ್ಬ ಒಂದೊಂದೇ ಗುಡ್ಡೆ ಮುಟ್ಟಿ "ಇದ್ಯಾರ್ದು?" ಎಂದು ಕೇಳುತ್ತಾನೆ. ಬೆನ್ನು ಹಾಕಿದವನು ಹೆಸರು ಹೇಳುತ್ತಾನೆ. ದೊಡ್ಡದು ಚಿಕ್ಕದು ಎಂಬ ತಕರಾರಿಲ್ಲ. ಮೊದಲ ವರ್ಷ ನಾನೂ ಹೋಗಿ ನಿಂತಿದ್ದೆ. ಇಡೀ ಊರಿನ ಹೆಸರು ಬಂತು, ನಾಯಿಗಳ ಹೆಸರೂ ಬಂತು. ನನ್ನದು ಬರಲಿಲ್ಲ. ಕೋಣೆಗೆ ಬಂದು ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಂಡೆ. ಮಾಂಸದ ಆಸೆಯಲ್ಲ, ದೇವರಾಣೆಗೂ ಅಲ್ಲ. ಆ ಬೆನ್ನು ಹಾಕಿದವನ ಬಾಯಲ್ಲಿ ನನ್ನ ಹೆಸರೊಂದು ಬರಬೇಕಿತ್ತು, ಅಷ್ಟೇ.

ಬೇಟೆಯ ಯಜಮಾನಿಕೆ ಪಿಳ್ಳಪ್ಪನವರದು. ಐವತ್ತು ದಾಟಿದ ರೈತ, ಮಾತು ಒರಟು. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಅವರ ಹಿಪ್ಪುನೇರಳೆ ತೋಟಕ್ಕೆ ಹೋಗಿ ಕೇಳಿಯೇಬಿಟ್ಟೆ.

"ಪಿಳ್ಳಪ್ಪನೋರೇ, ಈ ಸಲ ನಾನೂ ಬೇಟೆಗೆ ಬರುತ್ತೇನೆ."

"ನೀವಾ? ಈ ಬಿಳೀ ಪಂಚೆ ಉಟ್ಕೊಂಡಾ? ಗುಟ್ಟೆ ಮ್ಯಾಲಿನ್ ಹಕ್ಕಿಗಳೆಲ್ಲ ಆಂಧ್ರಕ್ಕೆ ಹೋಗ್ಬಿಡ್ತವೆ!" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಕಲೀತೀರಾ? ಕಲಿಯೋ ಹಂಗಿದ್ರೆ ಬನ್ನಿ."

ಕಲಿಯಲು ನಿಂತೆ. ಪಂಚೆಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಬಣ್ಣ ಕೆಡಿಸಿದೆ. ತಲೆಗೆ ತೆಂಗಿನೆಣ್ಣೆ ಹಚ್ಚುವುದನ್ನು ಬಿಟ್ಟೆ, "ಮೂರು ಹೊಲದಾಚೆಗೆ ವಾಸ್ನೆ ಬರ್ತದೆ ಮೇಷ್ಟ್ರೇ" ಎಂದಿದ್ದರು ಪಿಳ್ಳಪ್ಪನವರು. ಉರುಲು ಹೆಣೆಯಲು ಕುದುರೆ ಬಾಲದ ಕೂದಲು ಬೇಕಿತ್ತು. ಚಿಂತಾಮಣಿಗೆ ಹೋಗಿ ಜಟಕಾ ಸಾಬರೊಬ್ಬರನ್ನು ಕೇಳಿದೆ. "ಗಾಡಿ ಕೇಳ್ದೋರಿದಾರೆ, ಬಾಲ ಕೇಳ್ದೋರು ನೀವೇ ಮೊದಲು ಸಾಬ್" ಎಂದು ನಗುತ್ತಲೇ ಒಂದು ಹಿಡಿ ಕೊಟ್ಟರು. ಬಲೆ ಹೆಣೆಯುವ ಕೈ ನಮ್ಮದು. ಹೆಣೆದ ಉರುಲನ್ನು ಪಿಳ್ಳಪ್ಪನವರು ಎಳೆದೆಳೆದು ನೋಡಿ ಏನೂ ಅನ್ನಲಿಲ್ಲ. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ ಎಂದು ಅಕ್ಕಯ್ಯಮ್ಮ ಹೇಳಿದರು.

ಒಂದು ಸಂಜೆ ಪಿಳ್ಳಪ್ಪನವರು ಬಟ್ಟೆ ಮುಚ್ಚಿದ ಬಿದಿರಿನ ಪಂಜರ ತಂದು ನನ್ನ ಕೋಣೆಯಲ್ಲಿಟ್ಟರು. ಒಳಗೊಂದು ಗಂಡು ಕೌಜುಗ, ಮಣ್ಣಿನ ಬಣ್ಣದ ಗುಂಡುಹಕ್ಕಿ. ಅದು ದೀಮದ ಹಕ್ಕಿ, ಎಂದರೆ ಕಾಡುಹಕ್ಕಿಯನ್ನು ಕರೆಯಲೆಂದು ಸಾಕಿದ್ದು. ಗುಟ್ಟೆಯಲ್ಲಿ ಪಂಜರವಿಟ್ಟು ಸುತ್ತ ಉರುಲು ಒಡ್ಡಿದರೆ ಇದು ಕೂಗುತ್ತದೆ. ನನ್ನ ಜಾಗಕ್ಕೆ ಬಂದವನು ಯಾರು ಎಂದು ಕಾಡಿನ ಗಂಡು ಜಗಳಕ್ಕೆ ಓಡಿಬಂದು ಉರುಲಿಗೆ ಬೀಳುತ್ತದೆ.

"ಹಕ್ಕಿ ಇಡೋನು ಯಾರೋ ಅವನ ಕೈಯಲ್ಲೇ ಅದು ಮೇವು ತಿನ್ಬೇಕು. ಅದಕ್ಕೇ ಒಂದು ತಿಂಗಳು ನಿಮ್ಹತ್ರ ಇರ್ಲಿ. ಗೆದ್ದಲು ಹಾಕಿ, ನೀರಿಡಿ, ಬಟ್ಟೆ ಮುಚ್ಚಿ. ಆದ್ರೆ ಮಾತಾಡಿಸ್ಬೇಡಿ. ಮುದ್ದು ಮಾಡ್ಬೇಡಿ."

"ಯಾಕೆ?"

"ಒಂಟಿಯಾಗಿದ್ರೇನೇ ಅದು ಕೂಗೋದು. ಜೊತೆ ಸಿಕ್ತು ಅಂದ್ರೆ ಯಾತಕ್ಕೆ ಕೂಗ್ತದೆ, ಹೇಳಿ?"

ಹತ್ತು ದಿನ ನಿಯಮ ಪಾಲಿಸಿದೆ. ಸಂಜೆ ಹುತ್ತದ ಮಣ್ಣು ಒಡೆದು ಗೆದ್ದಲು ತರುತ್ತಿದ್ದೆ, ಬಾಯಿ ಬಿಡದೆ ಹಾಕುತ್ತಿದ್ದೆ. ಬೆಳಗಾದರೆ ಪಂಜರದೊಳಗಿಂದ "ಕತೀತರ್, ಕತೀತರ್" ಎಂದು ಗೋಡೆ ಬಿರಿಯುವ ಹಾಗೆ ಕೂಗು. ಅಕ್ಕಯ್ಯಮ್ಮ ಆಚೆಯಿಂದ "ಮೇಷ್ಟ್ರೇ, ನಿಮ್ ಹೆಡ್‌ಮೇಷ್ಟ್ರು ಎದ್ರು!" ಎನ್ನುತ್ತಿದ್ದರು.

ಹನ್ನೊಂದನೆಯ ದಿನ ಊರಿನಿಂದ ನನ್ನನ್ನು ಹೆತ್ತ ಅಬ್ಬಿಯ ಕಾಗದ ಬಂತು. ಬರೆದವಳು ಅಕ್ಕನ ಮಗಳು, ಮಾತೆಲ್ಲ ಅಬ್ಬಿಯದು. ಬಂಗಡೆ ಮೀನು ಚೆನ್ನಾಗಿ ಬಿದ್ದಿದೆ, ನೀನಿಲ್ಲದೆ ಗಂಟಲಿಗೆ ಇಳಿಯುವುದಿಲ್ಲ ಎಂದಿತ್ತು. ಓದುತ್ತ ಓದುತ್ತ ನನಗರಿವಿಲ್ಲದೆ ಜೋರಾಗಿ ಓದಿದೆ. ಪಂಜರದ ಬಟ್ಟೆ ಸರಿದಿತ್ತು. ಹಕ್ಕಿ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಒಂದು ವರ್ಷದಿಂದ ನಮ್ಮೂರ ಮಾತನ್ನು ನಗದೆ ಕೇಳಿಸಿಕೊಂಡ ಮೊದಲ ಜೀವ ಅದು. "ಎಂತ ಮಾರಾಯ, ನಿಂಗೂ ಮನಿ ನೆನ್ಪಾತ್ತಾ?" ಎಂದು ಕೇಳಿದೆ.

ಆಮೇಲೆ ತಡೆಯಲಾಗಲಿಲ್ಲ. ದಿನವೂ ಸಂಜೆ ಬಾಗಿಲು ಹಾಕಿಕೊಂಡು ಅದರ ಮುಂದೆ ಕೂರುತ್ತಿದ್ದೆ. ನಮ್ಮೂರು ಗಂಗೊಳ್ಳಿಯ ದೋಣಿ, ಅಬ್ಬಿಯ ಮಂಡಿನೋವು, ಶಾಲೆಯ ಇನ್‌ಸ್ಪೆಕ್ಟರ ಸಿಡುಕು, ಎಲ್ಲ ಹೇಳಿದೆ. ಅದು ಕೈಯಿಂದ ಗೆದ್ದಲು ಹೆಕ್ಕುತ್ತ ಗಂಟಲೊಳಗೇ ಕುಳುಕುಳು ಎನ್ನುತ್ತಿತ್ತು. ಬೆಳಗಿನ ಕೂಗು ಕಡಿಮೆಯಾಗುತ್ತ ಬಂದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಗುಟ್ಟೆಗೆ ಹೋದರೆ ಹುರುಪು ತಾನಾಗಿ ಬರುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಹೊಸತೊಡಕು ಬಂತು. ಕೆಮ್ಮಣ್ಣು ಬಣ್ಣದ ಪಂಚೆ ಉಟ್ಟು, ಪಂಜರ ಹೊತ್ತು, ಎಣ್ಣೆಯಿಲ್ಲದ ಕೆದರಿದ ತಲೆಯಲ್ಲಿ ಹೊರಟೆ. ಕೆಲವರು ನಾಯಿ ಕರೆದುಕೊಂಡು ಮೊಲದ ಜಾಡು ಹಿಡಿದರು. ಪಿಳ್ಳಪ್ಪನವರೂ ನಾನೂ ಕಾರೆ ಪೊದೆಯ ಬಳಿ ಪಂಜರವಿಟ್ಟು ಉರುಲು ಒಡ್ಡಿ, ಬಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತೆವು. ಬೆಳಕು ಹರಿಯಿತು. ಎದುರಿನ ದಿಣ್ಣೆಯಿಂದ ಕಾಡಿನ ಗಂಡು ಕೂಗಿತು. ಇದೇ ಹೊತ್ತು. ಉಸಿರು ಹಿಡಿದು ಕಾದೆ.

ನಮ್ಮ ಹಕ್ಕಿ ಉತ್ತರ ಕೊಡಲಿಲ್ಲ. ಪಂಜರದಲ್ಲಿ ತಿರುಗಿ ತಿರುಗಿ ಬಂಡೆಯ ಕಡೆ ನೋಡಿತು, ನನ್ನನ್ನು ಹುಡುಕಿತು. ಕಂಡಕೂಡಲೇ ಸರಳಿಗೆ ಎದೆಯೊತ್ತಿ ಕುಳುಕುಳು ಎಂದಿತು. ಕಾಡಿನದು ಇನ್ನೂ ನಾಲ್ಕು ಸಲ ಕೂಗಿ, ಯಾರೂ ಇಲ್ಲವೆಂದುಕೊಂಡು ದಿಣ್ಣೆಯಾಚೆ ಇಳಿದುಹೋಯಿತು.

ಪಿಳ್ಳಪ್ಪನವರು ಬಂಡೆಯ ಹಿಂದಿನಿಂದ ಎದ್ದು ಪಂಜರದ ಬಳಿ ಹೋದರು. "ಮಾತಾಡಿಸಿದ್ರಿ" ಎಂದರು.

"ಹೌದು."

"ದಿನಾನೂ?"

"ದಿನಾ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಉರುಲು ಸುತ್ತಿಕೊಳ್ಳುತ್ತ, "ಒಳ್ಳೇ ಮೇಷ್ಟ್ರು ಸಿಕ್ಕಿದ್ರಪ್ಪ ನಮ್ಗೆ. ಕೂಗೋ ಹಕ್ಕೀಗೆ ಸುಮ್ನೆ ಕೂತ್ಕೊಳ್ಳೋದ್ ಕಲಿಸ್ಬಿಟ್ರಿ" ಎಂದರು, ಅಷ್ಟೆ.

ನಾಯಿಯವರಿಗೆ ಐದಾರು ಮೊಲ ಸಿಕ್ಕಿದ್ದವು, ಜೊತೆಗೆ ಊರ ಲೆಕ್ಕದಲ್ಲಿ ಎರಡು ಕುರಿ ಕಡಿದಿದ್ದರು. ಅರಳಿಕಟ್ಟೆಯ ಬಳಿ ಎಲೆಗಳು ಹರಡಿದವು. ನಾನು ನಿಲ್ಲಲಿಲ್ಲ. ಯಾವ ಮುಖವಿಟ್ಟುಕೊಂಡು ನಿಲ್ಲಲಿ? ಮನೆಯ ಕಡೆ ಹೊರಟೆ. ಈ ಸಲ ಬೆನ್ನು ಹಾಕಿ ಕೂತವರು ಪಿಳ್ಳಪ್ಪನವರೇ.

"ಇದ್ಯಾರ್ದು?"

"ಮುನಿಶಾಮಿದು."

"ಇದ್ಯಾರ್ದು?"

"ಮೇಷ್ಟ್ರುದು."

ಕಾಲು ನಿಂತಿತು. ಯಾರೋ "ಮೇಷ್ಟ್ರು ಹಕ್ಕಿ ಹಿಡಿದ್ರಾ?" ಎಂದು ಕೊಂಕು ತೆಗೆದರು. "ಹಿಡೀದಿದ್ರೇನು?" ಎಂದರು ಪಿಳ್ಳಪ್ಪ, ತಿರುಗದೆ. "ಬೇಟೆಗೆ ಬಂದಿದ್ ನಾಯಿಗೂ ಪಾಲೈತೆ. ಮೇಷ್ಟ್ರು ನಾಯಿಗಿಂತ ಕಡೆನಾ?" ಎಲ್ಲರೂ ಘೊಳ್ಳೆಂದು ನಕ್ಕರು. ನಾನೂ ನಕ್ಕೆ, ಕಣ್ಣೊರೆಸಿಕೊಳ್ಳುತ್ತ. ಅವತ್ತು ಅಕ್ಕಯ್ಯಮ್ಮ ನನ್ನ ಗುಡ್ಡೆಯನ್ನು ತಾವೇ ಬೇಯಿಸಿ, ಮೊದಲ ಬಾರಿ ಒಳಮನೆಯಲ್ಲಿ ಎಲೆ ಹಾಕಿ, "ತಿನಪ್ಪಾ, ಇನ್ನೊಂದು ಮುದ್ದೆ" ಎಂದು ಬಡಿಸಿದರು.

ಮಾರನೆಯ ದಿನ ಪಿಳ್ಳಪ್ಪನವರು ಬಂದು ಪಂಜರಕ್ಕೆ ಬಟ್ಟೆ ಮುಚ್ಚಿ ಎತ್ತಿಕೊಂಡರು.

"ಇದನ್ನ ಮತ್ತೆ ಒಂಟಿ ಮಾಡ್ಬೇಕು ಮೇಷ್ಟ್ರೇ. ನೀವು ನಮ್ಮನೇಗೆ ಬನ್ನಿ, ಬೇಕಾದ್ರೆ ದಿನಾ ಬನ್ನಿ, ಊಟ ಮಾಡಿ. ಆದ್ರೆ ನಿಮ್ಮೂರ ಮಾತು ಮಾತ್ರ ಅಲ್ಲಿ ಆಡ್ಬೇಡಿ. ಅದರ ಕಿವೀಗೆ ಬಿದ್ರೆ ಕೆಟ್ತು."

ಒಪ್ಪಿಕೊಂಡೆ. ಪಾಲು ತಿಂದವನು ಒಪ್ಪದೆ ಇರುವುದು ಹೇಗೆ? ಈಗ ವಾರಕ್ಕೆರಡು ಸಲ ಅವರ ಮನೆಯಲ್ಲಿ ಊಟ. "ಬರ್ತೀನಿ, ಹೋಗ್ತೀನಿ" ಎಂದು ಇಲ್ಲಿಯವರ ಹಾಗೆಯೇ ಮಾತಾಡುತ್ತೇನೆ. ಮಕ್ಕಳು ನಗುವುದನ್ನು ಬಿಟ್ಟಿದ್ದಾರೆ. ಮುಚ್ಚಿದ ಪಂಜರ ತಲೆಯ ಮೇಲೆ ಸೂರಿಗೆ ತೂಗುತ್ತಿರುತ್ತದೆ, ನಾನು ತಲೆಯೆತ್ತುವುದಿಲ್ಲ. ಮೊದಲ ಹದಿನೈದು ದಿನ ಅದು ಬಾಯಿ ಬಿಡಲಿಲ್ಲ. ಹದಿನಾರನೆಯ ಬೆಳಗ್ಗೆ ನಾಲ್ಕು ಮನೆಯಾಚೆಯಿಂದ ಕೂಗು ಕೇಳಿತು. ಪಿಳ್ಳಪ್ಪನವರು ಬೀದಿಯಲ್ಲೇ ಸಿಕ್ಕಿ, "ಸರಿಹೋಯ್ತು ಮೇಷ್ಟ್ರೇ! ಇನ್ನು ಭಯ ಇಲ್ಲ!" ಎಂದು ಬೆನ್ನು ತಟ್ಟಿದರು. ನಾನೂ ಸಂತೋಷವೆಂದೆ.

ಅಂದಿನಿಂದ ದಿನವೂ ನಸುಕಿಗೆ ಅದು ಕೂಗುತ್ತದೆ. ಇಲ್ಲಿಂದಲೇ ನಮ್ಮೂರ ಒಂದು ಮಾತು ಗಟ್ಟಿಯಾಗಿ ಆಡಿದರೆ ಸಾಕು, ಅದು ಸುಮ್ಮನಾಗುತ್ತದೆ ಎಂದು ನನಗೆ ಗೊತ್ತು. ಆಡುವುದಿಲ್ಲ. ಅದಕ್ಕೆ ಹೇಳಬೇಕಾದ ಮಾತುಗಳನ್ನು ದೀಪದ ಮುಂದೆ ಕೂತು ನಿಮಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಗಂಗೊಳ್ಳಿಯ ಕಡೆ ಹೋದರೆ, ಇದನ್ನು ನಮ್ಮ ಅಬ್ಬಿಗೆ ಸ್ವಲ್ಪ ಜೋರಾಗಿ ಓದಿ ಹೇಳಿ.