ನಿಂಬರ್ಗಾದ ದ್ರೌಪದಿಬಾಯಿ ಮತ್ತು ಲಕ್ವಾ ಹೊಡೆದ ಇಲಿಗಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಳಂದ ಪಟ್ಟಣ ಮುಗಿದು ತೊಗರಿ ಹೊಲ ಶುರುವಾಗುವಲ್ಲಿ, ಸುಣ್ಣ ಬಳಿದ ಒಂದು ಕಟ್ಟಡದ ಬಾಗಿಲಲ್ಲಿ, ನಿಂಬರ್ಗಾದಿಂದ ಮೊದಲ ಬಸ್ಸಿಗೆ ಬಂದ ದ್ರೌಪದಿಬಾಯಿ ಚಪ್ಪಲಿ ಬಿಡುತ್ತಾರೆ. ಮೊಣಕೈವರೆಗೆ ಕೈ ತೊಳೆದು, ನೀಲಿ ಗೌನು ತೊಟ್ಟು, ಮಾಸ್ಕು ಕಟ್ಟಿಕೊಂಡು ಒಳಗೆ ಕಾಲಿಡುತ್ತಲೇ, "ಎದ್ದೀರೇನವ್ವಾ? ಬಂದೆ, ಬಂದೆ" ಎನ್ನುತ್ತಾರೆ. ನಲವತ್ತು ಪಂಜರಗಳಲ್ಲಿ ಸರಸರ ಸದ್ದಾಗುತ್ತದೆ. ಒಳಗಿರುವುದು ಬಿಳಿ ಇಲಿಗಳು. ಒಂದೊಂದಕ್ಕೂ ಲಕ್ವಾ ಹೊಡೆದಿದೆ.

ಪಾರ್ಶ್ವವಾಯುವಿಗೆ ಈ ಸೀಮೆಯಲ್ಲಿ ಲಕ್ವಾ ಎನ್ನುತ್ತಾರೆ. ಮಿದುಳಿಗೆ ಹೋಗುವ ರಕ್ತ ನಿಂತು, ದೇಹದ ಒಂದು ಭಾಗ ಬಿದ್ದುಹೋಗುವ ಕಾಯಿಲೆ. ಈ ಇಲಿಗಳಿಗೆ ಅದು ತಾನಾಗಿ ಹೊಡೆದದ್ದಲ್ಲ, ಹೊಡೆಸಿದ್ದು.

ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ನಲವತ್ತಾರರ ದ್ರೌಪದಿಬಾಯಿಗೆ ಇದು ಗೊತ್ತಿರಲಿಲ್ಲ. ಇಲಿ ಸಾಕುವ ಕೆಲಸ ಎಂದಷ್ಟೇ ಹೇಳಿದ್ದರು. ಮೊದಲ ವಾರ ಒಂದು ಇಲಿ ಎಡ ಮುಂಗಾಲು ಮಡಚಿಕೊಂಡು, ಒಂದೇ ಕಡೆಗೆ ಗಿರಗಿರ ಸುತ್ತುತ್ತಿತ್ತು. ಹಿಂದಿನ ದಿನವಷ್ಟೇ ಪಂಜರದ ಸರಳು ಹತ್ತಿ ಅವರ ಬೆರಳು ಮೂಸಿದ್ದ ಇಲಿ ಅದು. ಎದ್ದೆನೋ ಬಿದ್ದೆನೋ ಎಂದು ಸಂಶೋಧಕಿ ಡಾ. ನೂರೀನ ಅವರ ಕೋಣೆಗೆ ಓಡಿದರು.

"ಮೇಡಂರೀ, ಇಲಿಗೆ ಲಕ್ವಾ ಹೊಡದದ ರೀ! ನಮ್ಮನಿಯವರಿಗೂ ಹಿಂಗೇ ಆಗಿತ್ತು."

"ಹೌದು ದ್ರೌಪದಿಬಾಯಿ. ನಾವೇ ಮಾಡಿದ್ದು" ಎಂದರು ನೂರೀನ.

ಆ ಮಾತು ನೆನೆಸಿಕೊಂಡರೆ ದ್ರೌಪದಿಬಾಯಿಯ ಕಣ್ಣು ಈಗಲೂ ಅಗಲವಾಗುತ್ತದೆ. "ಎಪ್ಪಾ! ಎದಿ ಧಸಕ್ಕಂತು ನೋಡ್ರಿ. ಬೇಕಂತಲೇ ಲಕ್ವಾ ಹೊಡಸ್ತಾರಂದ್ರ ಇವರು ಮನುಷ್ಯಾರೇನು ಅಂದೆ. ಗೌನು ಅಲ್ಲೇ ಒಗದು ಬಸ್ ಸ್ಟ್ಯಾಂಡಿಗೆ ನಡದೆ."

ಜೇವರ್ಗಿಯ ಮಗಳಾದ ನೂರೀನ ಹಿಂದೆಯೇ ಬಂದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪಕ್ಕ ಕೂತು ಬಿಡಿಸಿ ಹೇಳಿದರು. ನಮ್ಮ ಜೀವಕೋಶದೊಳಗೆ ಇಂಥದ್ದು ಮಾಡು ಎಂದು ಚೀಟಿ ಓಡಾಡುತ್ತಿರುತ್ತದೆ. ಆ ಚೀಟಿಯನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುವ ತೀರಾ ಸಣ್ಣ ವಸ್ತುವೇ ಮೈಕ್ರೋ ಆರ್‌ಎನ್‌ಎ. ಲಕ್ವಾ ಹೊಡೆದಾಗ ಒಂದು ಜಾತಿಯ ಮೈಕ್ರೋ ಆರ್‌ಎನ್‌ಎ ವಿಪರೀತ ಹೆಚ್ಚಿ, ಮಿದುಳನ್ನು ರಿಪೇರಿ ಮಾಡುವ ಚೀಟಿಗಳನ್ನೆಲ್ಲ ತಡೆದುಬಿಡುತ್ತದೆ. ಅದನ್ನೇ ಕಟ್ಟಿಹಾಕುವ ಔಷಧವೊಂದನ್ನು ಇಲ್ಲಿ ಪರೀಕ್ಷಿಸುತ್ತಿದ್ದಾರೆ. ನೈತಿಕ ಸಮಿತಿಯ ಅನುಮತಿ ಇದೆ. ಇಲಿಗೆ ಅರಿವಳಿಕೆ ಕೊಟ್ಟು, ಕುತ್ತಿಗೆಯ ರಕ್ತನಾಳದೊಳಗೆ ತೆಳ್ಳನೆಯ ಎಳೆ ತೂರಿಸಿ, ಒಂದೂವರೆ ತಾಸು ರಕ್ತ ತಡೆಯುತ್ತಾರೆ.

"ನಮ್ಮನಿಯವರಿಗೆ ಈ ಔಷಧ ಬರ್ತದೇನ್ರಿ?" ದ್ರೌಪದಿಬಾಯಿ ಕೇಳಿದ್ದು ಅದೊಂದೇ. ಇಲ್ಲ, ಹೊಸದಾಗಿ ಹೊಡೆದವರಿಗೆ ಮಾತ್ರ, ಅದೂ ಎಲ್ಲ ಸರಿ ಹೋದರೆ, ಇನ್ನೆಷ್ಟೋ ವರ್ಷಕ್ಕೆ ಎಂದರು ನೂರೀನ. ಸುಳ್ಳು ಹೇಳಲಿಲ್ಲವಲ್ಲ ಎಂದು ದ್ರೌಪದಿಬಾಯಿ ಎದ್ದು ವಾಪಸು ಬಂದು ಗೌನು ತೊಟ್ಟರು.

ಗಂಡ ಮಲ್ಕಪ್ಪ ಹಮಾಲರಾಗಿದ್ದರು. ಎಂಟು ವರ್ಷದ ಹಿಂದೆ ಅಫಜಲಪುರದಲ್ಲಿ ಲಾರಿಯಿಂದ ಚೀಲ ಇಳಿಸುತ್ತಿದ್ದಾಗ ಬಲಗೈ ಜೋಲಿತು, ಬಾಯಿ ಸೊಟ್ಟಗಾಯಿತು. ಜೊತೆಯವರು ಪಾಪ, ಒಳ್ಳೆಯದಾಗಲಿ ಎಂದೇ ಜೀಪಿಗೆ ಹಾಕಿಕೊಂಡು ಹೋದದ್ದು ದವಾಖಾನೆಗಲ್ಲ, ಲಕ್ವಾಕ್ಕೆ ಎಲೆಯ ರಸ ಹಾಕುವವನ ಮನೆಗೆ. ಅಲ್ಲಿ ಸರದಿಯಲ್ಲಿ ಕೂತೇ ಹೊತ್ತು ಮುಳುಗಿತು. ಮರುದಿನ ದೊಡ್ಡ ದವಾಖಾನೆ ಮುಟ್ಟಿದಾಗ ಡಾಕ್ಟರು ಗಡಿಯಾರ ತೋರಿಸಿ, ನಾಲ್ಕು ತಾಸಿನೊಳಗೆ ಬರಬೇಕಿತ್ತು ತಾಯಿ ಎಂದರು. ಮಲ್ಕಪ್ಪ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ದಿನಾ ಸಂಜೆ ದ್ರೌಪದಿಬಾಯಿ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಬೆರಳ ತುದಿಯಿಂದ ಭುಜದವರೆಗೆ ತಿಕ್ಕುತ್ತಾರೆ. ನೀರಿನ ಲೋಟವನ್ನು ಬೇಕೆಂದೇ ಬಿದ್ದ ಕೈಯ ಕಡೆ ಇಡುತ್ತಾರೆ. ದವಾಖಾನೆಯ ನರ್ಸ್ ಹೇಳಿಕೊಟ್ಟ ಉಪಾಯವದು.

ಪ್ರಯೋಗಾಲಯದ ಕೆಲಸ ಕಡಿಮೆಯದಲ್ಲ. ನಲವತ್ತು ಪಂಜರದ ಹೊಟ್ಟು ಬದಲಿಸಬೇಕು, ನಲವತ್ತು ಬಾಟಲಿ ತೊಳೆದು ತುಂಬಬೇಕು, ಒಂದೊಂದು ಇಲಿಯನ್ನೂ ತೂಕ ಹಾಕಬೇಕು. ಕೋಣೆಯ ಬಿಸಿ ಇಪ್ಪತ್ತೆರಡು ಡಿಗ್ರಿ ದಾಟಬಾರದು. ಹೊರಗೆ ಆಳಂದದ ಬಿಸಿಲು ನಲವತ್ತೆರಡಕ್ಕೆ ಹೋದಾಗ, "ನಮಗಿಂತ ಇವೇ ತಂಪಾಗಿ ಆವ ನೋಡ್ರಿ" ಎಂದು ನಗುತ್ತಾರೆ. ಲಕ್ವಾ ಹೊಡೆಸಿದ ಇಪ್ಪತ್ತೆಂಟನೇ ದಿನ ಇಲಿಗಳ ಜೀವ ತೆಗೆದು ಮಿದುಳು ನೋಡುತ್ತಾರೆ. ಆ ದಿನವೂ ಅವರು ರಜೆ ಹಾಕುವುದಿಲ್ಲ. "ಹೊಸಬರ ಕೈ ಕಂಡ್ರ ಅಂಜ್ತಾವ್ರಿ. ಕಡೀತನಕ ನನ್ನ ಕೈಯಾಗೇ ಇರ್ಲಿ" ಎನ್ನುತ್ತಾರೆ.

ಇನ್ನು ಕಳೆದ ವರ್ಷ ನಡೆದದ್ದು. ನೆನೆಸಿಕೊಂಡರೆ ಈ ಕಟ್ಟಡದ ಜನ ಇಂದಿಗೂ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ.

ಇಪ್ಪತ್ತು ಇಲಿಗೆ ಔಷಧ, ಇಪ್ಪತ್ತಕ್ಕೆ ಬರೀ ಉಪ್ಪುನೀರಿನ ಸೂಜಿ. ಯಾವುದಕ್ಕೆ ಯಾವುದೆಂದು ಆರೈಕೆ ಮಾಡುವವರಿಗೆ ತಿಳಿಯಬಾರದೆಂದು ಪಂಜರದ ಮೇಲೆ ಬರೀ ನಂಬರು. ಬಿದ್ದ ಕಾಲಿಗೆ ಚಿಕ್ಕ ಅಂಟುಪಟ್ಟಿ ಹಚ್ಚಿ, ಎಷ್ಟು ಸೆಕೆಂಡಿನಲ್ಲಿ ಕಿತ್ತುಹಾಕುತ್ತದೆ ಎಂದು ಎಣಿಸುವುದೇ ಪರೀಕ್ಷೆ. ಕೊನೆಗೆ, ಯಾವ ನಂಬರಿಗೆ ಯಾವ ಸೂಜಿ ಎಂದು ಬರೆದಿಟ್ಟ ಗುಟ್ಟಿನ ಪಟ್ಟಿ ಬಿಚ್ಚಿ ನೋಡಿದರೆ ಔಷಧದ ಇಲಿಗೂ ಉಪ್ಪುನೀರಿನ ಇಲಿಗೂ ಹೆಚ್ಚು ಫರಕಿಲ್ಲ! ಔಷಧದಲ್ಲಿ ಹುರುಳಿಲ್ಲ, ಕೆಲಸ ಮುಚ್ಚಿ ಎಂದರು ಮೇಲಿನವರು. ನೂರೀನ ಮೇಜಿನ ಮುಂದೆ ಕುಸಿದು ಕೂತು, "ಬರೇ ನೀರು ಕೊಟ್ಟಿದ್ದು ಹ್ಯಾಂಗ ಸುಧಾರಿಸಿದವು? ಹ್ಯಾಂಗ?" ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನೆಲ ಒರೆಸುತ್ತಿದ್ದ ದ್ರೌಪದಿಬಾಯಿ ಬಟ್ಟೆ ಬಿಟ್ಟು ಎದ್ದು ನಿಂತರು. ಹೇಗೆ ಸುಧಾರಿಸಿದವೆಂದು ಅವರಿಗೆ ಗೊತ್ತಿತ್ತು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಒಂದು ಔಷಧವೇ ಹೋಗುತ್ತದೆ.

"ನಾನೇ ತಿಕ್ಕೀನ್ರಿ ಮೇಡಂ" ಎಂದುಬಿಟ್ಟರು. "ಹಿಂದ ಬಿದ್ದಿದ್ದವಲ್ರಿ, ಅವುಗಳ ಕೈ ದಿನಾ ಹೆಬ್ಬೆರಳಿಲೆ ತಿಕ್ಕೀನಿ. ಕಾಳು ಬಿದ್ದ ಕೈ ಕಡೀಗೇ ಇಟ್ಟೀನಿ. ನಮ್ಮನಿಯವರಿಗೆ ಮಾಡ್ತೇನಲ್ರಿ, ಹಂಗ. ತಪ್ಪಂತ ಗೊತ್ತಿದ್ದಿಲ್ರಿ, ಖರೇನೇ ಗೊತ್ತಿದ್ದಿಲ್ಲ."

 ನೂರೀನ ಅವರ ಎರಡು ವರ್ಷದ ದುಡಿಮೆ ಒಂದು ಹೆಬ್ಬೆರಳಿನಲ್ಲಿ ಅಳಿಸಿಹೋಗಿತ್ತು! ಅವರು ನಂಬರಿನ ಪಟ್ಟಿ ಹತ್ತಿರ ಎಳೆದುಕೊಂಡು, "ಎಷ್ಟು ಇಲಿಗೆ ತಿಕ್ಕೀರಿ?" ಎಂದರು.

"ಹದಿನೆಂಟಕ್ಕ ರೀ. ನಂಬರ್ ಹೇಳ್ಲೇನು?"

ಅಳುತ್ತಲೇ ಹದಿನೆಂಟೂ ನಂಬರನ್ನು ಬಾಯಿಪಾಠ ಒಪ್ಪಿಸಿದರು. ನೂರೀನ ಒಂದೊಂದನ್ನೂ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದರು. ಹಾಕುತ್ತ ಹಾಕುತ್ತ ಅವರ ಪೆನ್ನು ನಿಧಾನವಾಯಿತು. ಹದಿನೆಂಟರಲ್ಲಿ ಹದಿನಾರು ಉಪ್ಪುನೀರಿನ ಇಲಿಗಳು! ಯಾವುದಕ್ಕೆ ಔಷಧ ಎಂಬುದೇ ಗೊತ್ತಿಲ್ಲದ ಹೆಂಗಸು, ಔಷಧವಿಲ್ಲದವನ್ನೇ ಕಣ್ಣಳತೆಯಲ್ಲಿ ಹೆಕ್ಕಿ ತೆಗೆದಿದ್ದರು. ಅಂದರೆ ತಿಕ್ಕುವ ಮೊದಲು ಔಷಧ ಪಡೆದವು ನಿಜಕ್ಕೂ ಮುಂದಿದ್ದವು.

"ಇದನ್ನು ಸಾಕ್ಷಿ ಎನ್ನಲಾಗದು. ಆದರೆ ಇನ್ನೊಮ್ಮೆ ಮಾಡಿ ನೋಡಲು ಇಷ್ಟು ಸಾಕಿತ್ತು" ಎನ್ನುತ್ತಾರೆ ನೂರೀನ. ಮೇಲಿನವರು ದ್ರೌಪದಿಬಾಯಿಯನ್ನು ಕೆಲಸದಿಂದ ತೆಗೆದುಹಾಕಿ ಎಂದರು. ತಪ್ಪು ಮಾಡಿ ತಾನಾಗಿ ಬಂದು ಹೇಳುವವರು ಇನ್ನೊಬ್ಬರು ಸಿಗುವುದಿಲ್ಲ ಎಂದು ನೂರೀನ ಹಟ ಹಿಡಿದರು.

ಹೊಸದಾಗಿ ನಲವತ್ತು ಇಲಿ ಬಂದವು. ಈ ಸಲ ಅಗತ್ಯ ಮೀರಿ ಮುಟ್ಟುವಂತಿಲ್ಲ. ಆ ಇಪ್ಪತ್ತೆಂಟು ದಿನ ದ್ರೌಪದಿಬಾಯಿಗೆ ಕಷ್ಟದ್ದೇ. ಕಾಲು ಎಳೆದುಕೊಂಡು ಪಂಜರದ ಅಂಚಿಗೆ ಬಂದು ಮೂಗೆತ್ತುವ ಇಲಿಯ ಮುಂದೆ ಅವರು ಎರಡೂ ಕೈಗೆ ಗೌನಿನ ಅಂಚು ಸುತ್ತಿಕೊಂಡು ನಿಲ್ಲುತ್ತಿದ್ದರು. "ಹನ್ನೊಂದನೇ ನಂಬರಂತೂ ನನ್ನೇ ನೋಡ್ತಿತ್ರಿ. ಹೊರಗ ಬಂದು ಅಳ್ತಿದ್ದೆ. ಮನಿಗೆ ಹೋಗಿ ಇವರ ಕೈ ಎರಡು ಪಟ್ಟು ತಿಕ್ಕತಿದ್ದೆ. 'ಸಾಕು ಬಿಡಬೇ, ಚರ್ಮ ಕಿತ್ತೀತು' ಅಂತಿದ್ರು."

ಗುಟ್ಟಿನ ಪಟ್ಟಿ ಬಿಚ್ಚಿದ ದಿನ ಬಾಗಿಲಲ್ಲಿ ಅವರೂ ಇದ್ದರು. ಉಪ್ಪುನೀರಿನ ಇಲಿಗಳಿಗೆ ಅಂಟುಪಟ್ಟಿ ಕೀಳಲು ಸರಾಸರಿ ತೊಂಬತ್ತು ಸೆಕೆಂಡು. ಔಷಧದವಕ್ಕೆ ನಲವತ್ತೆಂಟು. ನೂರೀನ ಓಡಿಬಂದು ದ್ರೌಪದಿಬಾಯಿಯ ಎರಡೂ ಕೈ ಹಿಡಿದುಕೊಂಡರು. ಇದು ಇಲಿಯ ಮಾತು, ಮನುಷ್ಯರದ್ದು ಇನ್ನೂ ಬಹಳ ದೂರ ಎಂದು ಹೇಳುವುದನ್ನು ಆಗಲೂ ಮರೆಯಲಿಲ್ಲ.

ಪ್ರಬಂಧ ಈಗ ಪರಿಶೀಲನೆಗೆ ಹೋಗಿದೆ. ಅದರಲ್ಲಿ ದ್ರೌಪದಿಬಾಯಿಯ ಹೆಸರಿಲ್ಲ. 'ಆರೈಕೆಯ ವೇಳೆ ಪ್ರಾಣಿಗಳನ್ನು ಅಗತ್ಯಕ್ಕಿಂತ ಹೆಚ್ಚು ಮುಟ್ಟಲಿಲ್ಲ' ಎಂಬ ಒಂದು ಸಾಲಿದೆ. ನೂರೀನ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ದ್ರೌಪದಿಬಾಯಿ ಎರಡು ಸಲ ಓದಿಸಿಕೊಂಡರಂತೆ. "ಆ ಸಾಲ್ ನಂದದ ರೀ" ಎನ್ನುತ್ತಾರೆ.

ಅವರದೊಂದು ಅರ್ಜಿಯೂ ಇದೆ. ಮುಂದಿನ ಸಲ ಇಲಿಗಳನ್ನು ಎರಡಲ್ಲ, ಮೂರು ಗುಂಪು ಮಾಡಬೇಕು. ಒಂದಕ್ಕೆ ಔಷಧ, ಒಂದಕ್ಕೆ ಬರೀ ಉಪ್ಪುನೀರು, ಇನ್ನೊಂದಕ್ಕೆ ಔಷಧದ ಜೊತೆ ದಿನಾ ಕೈ ತಿಕ್ಕುವುದು. ನೂರೀನ ಅದನ್ನು ನಿಜಕ್ಕೂ ಸಮಿತಿಗೆ ಕಳಿಸಿದ್ದಾರೆ. ವಿಜ್ಞಾನಕ್ಕೆ ಅದರಿಂದ ಏನು ಗೊತ್ತಾಗುತ್ತದೋ ದ್ರೌಪದಿಬಾಯಿ ವಿಚಾರಿಸಲು ಹೋಗಿಲ್ಲ. ತುಂಬಿದ ಕೊನೆಯ ಬಾಟಲಿಯನ್ನು ಪಂಜರಕ್ಕೆ ಸಿಕ್ಕಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ಹೇಳುತ್ತಾರೆ:

"ಒಪ್ಪಿಗಿ ಬಂದ್ರ ಛಲೋ ಆಗ್ತದ ನೋಡ್ರಿ. ಒಂದು ಗುಂಪಿಗಾದ್ರೂ ನನಗ ಮುಟ್ಟಾಕ ಬಿಡ್ತಾರಲ್ರಿ."