ದೂರು ಕೇಳುವ ವ್ಯಾನು

ಬೆಳಗಿನ ಮಂಜು ಇನ್ನೂ ಕೊಲ್ಲಿ ದೇಶದ ವಫ್ರಾದ ಟೊಮೆಟೊ ತೋಟಗಳ ಮೇಲಿದೆ. ಹಳೆಯ ಬಿಳಿ ವ್ಯಾನೊಂದು ಕೆಮ್ಮುತ್ತ ಬಂದು ಹಸಿರುಮನೆಗಳ ಪಕ್ಕ ನಿಲ್ಲುತ್ತದೆ. ಓಡಿಸಿಕೊಂಡು ಬಂದವರು ಉಡುಪಿ ಕಡೆಯ ವಾರಿಜಾ, ತೋಟದ ಕೆಲಸಗಾರರ ಕಷ್ಟಸುಖ ವಿಚಾರಿಸುವ ಸೇವಾ ಸಂಘವೊಂದರ ಸಮಾಜ ಕಾರ್ಯಕರ್ತೆ. ಇಳಿದು ಬಾಗಿಲನ್ನು ಎಳೆದು, ತಳ್ಳಿ, ಕೊನೆಗೆ ಸೊಂಟದಿಂದ ಗುದ್ದಿ ಮುಚ್ಚುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದು ಕಾದಿರುವ ನನ್ನತ್ತ ತಿರುಗುತ್ತಾರೆ.

"ಶುವೈಖಿನ ಗ್ಯಾರೇಜಿನವ ಮಾರುವಾಗ ಇದೊಂದು ಹೇಳಲೇ ಇಲ್ಲ ನೋಡಿ!"

ನಗುತ್ತಾರೆ ನಿಜ, ಆದರೆ ಕಣ್ಣು ಗಿಡಗಳ ಸಾಲಿನಲ್ಲಿ ಪುತ್ತಬ್ಬರನ್ನು ಹುಡುಕುತ್ತಿದೆ. ಬಂಟ್ವಾಳ ಕಡೆಯ ಆ ಕೂಲಿಯಾಳಿನ ಪಾದದ ಪಟ್ಟಿಯನ್ನು ನಿನ್ನೆ ಬಿಚ್ಚಬೇಕಿತ್ತು. ಗಾಯ ಮಾಗಿದೆಯೋ ಇಲ್ಲವೋ, ಇನ್ನೂ ತಿಳಿದಿಲ್ಲ.

ಮೊನ್ನೆಮೊನ್ನೆಯವರೆಗೆ ವಾರಿಜಾರಿಗೆ ವಾಹನವಿರಲಿಲ್ಲ. ಇತ್ತ ಬಸ್ಸು ಅಪರೂಪ. ಪೇಟೆಯಲ್ಲಿ ತರಕಾರಿ ಇಳಿಸಿ ಮರಳುವ ತೋಟದ ಪಿಕಪ್ಪಿನಲ್ಲೇ, ಅಲ್ಲಿನ ಮಿರ್ಕಾಬಿನಲ್ಲಿರುವ ಸಂಘದ ಕಚೇರಿಯಿಂದ ಬರುತ್ತಿದ್ದರು. ಕೂತು ಮಾತಾಡಲು ಮೇಸ್ತ್ರಿಯ ಕೋಣೆಯೊಂದೇ ಗತಿ. ಯಾರನ್ನು ಕೇಳಿದರೂ ಒಂದೇ ಉತ್ತರ: "ಎಲ್ಲ ಠೀಕ್."

"ನಾನೊಬ್ಬಳು ಪೆದ್ದಿ, ಅದನ್ನೇ ವರದಿಯಲ್ಲಿ ಬರೀತಿದ್ದೆ," ಎನ್ನುತ್ತಾರೆ.

ಸಂಘದವರು ಕೊನೆಗೂ ಈ ವ್ಯಾನು ಕೊಡಿಸಿದರು. ಮೊದಲ ದಿನವೇ ಪುತ್ತಬ್ಬ ಹತ್ತಿ ಕೂತು, ಬಾಗಿಲು ಹಾಕಿಸಿ, ರಬ್ಬರ್ ಬೂಟು ಕಳಚಿದರು. ಗುದ್ದಲಿ ತಾಗಿದ ಗಾಯ ಕೀವಾಗಿ ಪಾದ ಬಾತಿತ್ತು. ಗೊತ್ತಾದರೆ ಕಫೀಲ್, ಅಂದರೆ ವೀಸಾ ಕೊಟ್ಟ ತೋಟದ ಧಣಿ, ಊರಿಗೆ ಕಳಿಸಿಬಿಡುತ್ತಾನೆಂಬ ಹೆದರಿಕೆಯಲ್ಲಿ ಮುಚ್ಚಿಟ್ಟಿದ್ದರು. ವಾರಿಜಾ ಅದೇ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದರು. ಇನ್ನಷ್ಟು ತಡವಾಗಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದರಂತೆ ವೈದ್ಯರು. ಗುಣವಾಗುವ ತನಕ ಕೂತು ಮಾಡುವ ಕೆಲಸ ಕೊಡಲು ಕಫೀಲನನ್ನೂ ವಾರಿಜಾ ಒಪ್ಪಿಸಿದರು.

"ಅಕ್ಕಾ!"

ಪುತ್ತಬ್ಬ ಎರಡೂ ಕಾಲಿಗೆ ಬೂಟು ಹಾಕಿಕೊಂಡು ದಾಪುಗಾಲಿನಲ್ಲಿ ಬರುತ್ತಿದ್ದಾರೆ. "ಪಟ್ಟಿ ಬಿಚ್ಚಿದರು. ಖಲಾಸ್!" ಎನ್ನುತ್ತ ವ್ಯಾನಿನ ಟಯರಿಗೊಂದು ಒದೆ ಕೊಡುತ್ತಾರೆ.

"ಮೆಲ್ಲ ಮಾರಾಯ್ರೆ, ಅದು ನಿಮಗಿಂತ ಹಳತು!" ಎಂದು ಗದರುವ ವಾರಿಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಅಲ್ಲ, ಈ ವ್ಯಾನು ಬರುವ ಮೊದಲಿನ ವಾರ ಕೇಳಿದಾಗ ಠೀಕ್ ಅಂದದ್ದು ಯಾಕೆ?"

"ಧಣಿಯ ಪಿಕಪ್ಪಿಂದ ಇಳಿದವರಿಗೆ ಕಾಲು ತೋರಿಸ್ಲಿಕ್ಕೆ ನನಗೆ ಮಂಡೆ ಸರಿ ಇಲ್ವಾ ಅಕ್ಕ? ನೀವು ಅವರ ಜನ ಅಂತಲೇ ನಾವೆಲ್ಲ ಎಣಿಸಿದ್ದು."

ಇನ್ನೇನು ಬೇಕು ಎಂದು ಪುತ್ತಬ್ಬರನ್ನು ಕೇಳುತ್ತೇನೆ. "ವ್ಯಾನಿಗೊಂದು ಟೇಪ್‌ರೆಕಾರ್ಡರ್. ಮೇಸ್ತ್ರಿ ಹತ್ತಿರ ಸುಳಿದರೆ ಹಾಡು ಜೋರು ಮಾಡ್ಲಿಕ್ಕೆ."

ಅಷ್ಟರಲ್ಲಿ ಬಾಗಿಲ ಬಳಿ ಜನ ಸೇರಿದ್ದಾರೆ. ಒಬ್ಬನಿಗೆ ಕುಡಿಯುವ ನೀರಿನಲ್ಲಿ ತುಕ್ಕು, ಇನ್ನೊಬ್ಬನಿಗೆ ಔಷಧಿ ಹೊಡೆದು ಕಣ್ಣುರಿ.

"ಈಗ ಯಾರೂ ಠೀಕ್ ಅನ್ನುವುದೇ ಇಲ್ಲ," ಎನ್ನುತ್ತಾರೆ ವಾರಿಜಾ. "ಎಷ್ಟು ಸಮಾಧಾನ ಗೊತ್ತುಂಟಾ!"

ಮೊದಲನೆಯವನನ್ನು ಒಳಗೆ ಕೂರಿಸಿ, ತಾವೂ ಹತ್ತುತ್ತಾರೆ. ಹೊರಗಿನಿಂದ ಪುತ್ತಬ್ಬ ಸೊಂಟದಿಂದ ಗುದ್ದಿ ಬಾಗಿಲು ಮುಚ್ಚುತ್ತಾರೆ.