ಒತ್ತಬಾರದ ಕೆನ್ನೆ

ಎಡಗೆನ್ನೆಯ ಗುಳಿ ಆರನೇ ವಯಸ್ಸಿನದು. ಕುರು ಎದ್ದು, ಕೀವು ತೆಗೆದ ಮೇಲೆ ಒಳಗಿನ ಕೊಬ್ಬು ಕರಗಿ ಉಳಿದದ್ದು. ಅದರಿಂದ ನನ್ನ ದಂತವೈದ್ಯದ ಓದಿಗೂ ಕೆಲಸಕ್ಕೂ ಅಡ್ಡಿಯಾಗಿರಲಿಲ್ಲ. ಮದುವೆ ಗೊತ್ತಾದಾಗ ಮಾತ್ರ ತುಂಬಿಸಬೇಕೆನ್ನಿಸಿತು. ಯಾರಿಗೂ ಹೇಳದೆ ಬಳ್ಳಾರಿಯ ಚರ್ಮವೈದ್ಯೆಯೊಬ್ಬರ ಬಳಿ ಹೋದೆ.

ಅವರು ದೀಪ ಹಿಡಿದು ನೋಡಿದರು. “ಗುಳಿ ಮೇಲೇಳುತ್ತೆ. ಅದರ ಮೇಲಿರೋ ಕಪ್ಪು ಕಲೆ ಹೋಗಲ್ಲ. ಹೆಚ್ಚುಕಡಿಮೆ ಒಂದು ವರ್ಷ, ಆಮೇಲೆ ಸೂಜಿಯಿಂದ ಒಳಗೆ ತುಂಬೋ ಜೆಲ್, ಅಂದ್ರೆ ಫಿಲ್ಲರ್, ತಾನಾಗೇ ಕರಗುತ್ತೆ. ಬೇರೆ ಮುಖಾನೇ ಬೇಕು ಅಂದ್ರೆ ನನ್ನ ಹತ್ರ ಇಲ್ಲ.”

ಸೂಜಿ ರಕ್ತನಾಳಕ್ಕೆ ತಗುಲಿದರೆ ಏನಾದೀತು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಎಲ್ಲ ಕೇಳಿಕೊಂಡೇ ಒಪ್ಪಿದೆ. ಅರ್ಧ ಗಂಟೆಯಲ್ಲಿ ಗುಳಿ ಸಮವಾಯಿತು. ಕಲೆ ಇದ್ದಲ್ಲೇ ಇತ್ತು.

ಎರಡು ವಾರ ಆ ಕೆನ್ನೆಯನ್ನು ತಿಕ್ಕಬಾರದು, ಒತ್ತಬಾರದು, ಜೆಲ್ ಜಾಗ ಬಿಟ್ಟೀತು ಎಂದಿದ್ದರು. ನಾನು ಮುಹೂರ್ತದಿಂದ ಹಿಂದಕ್ಕೆ ಹದಿನಾರು ದಿನ ಎಣಿಸಿಯೇ ಹೋಗಿದ್ದೆ. ನಮ್ಮ ಮನೆಯಲ್ಲಿ ಅರಿಶಿನ ಹಚ್ಚುವುದು ಮುಹೂರ್ತಕ್ಕೆ ಐದು ದಿನ ಮೊದಲು. ಅದು ಎಣಿಕೆಗೆ ಬಂದಿರಲೇ ಇಲ್ಲ.

ಅರಿಶಿನದ ಬೆಳಿಗ್ಗೆ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಕುರುಗೋಡಿನಿಂದ ಭಾವೀ ಅತ್ತೆ ನಾಲ್ವರು ಹೆಂಗಸರೊಂದಿಗೆ ಬಂದರು. ಹಚ್ಚೊಳ್ಳಿಯಿಂದ ದೊಡ್ಡವ್ವ ಹಿಂದಿನ ದಿನವೇ ಬಂದಿದ್ದಳು. ನಮ್ಮ ಮನೆತನದ ಕೂಸುಗಳಿಗೆಲ್ಲ ಎರೆದು, ಮೂಗು ತೀಡಿ, ಕೆನ್ನೆ ಒತ್ತಿ ರೂಪ ಕೊಟ್ಟವಳು ತಾನೇ ಎಂಬುದು ಅವಳ ನಂಬಿಕೆ. ಅಂಗೈತುಂಬ ಅರಿಶಿನ ತಗೊಂಡು ನನ್ನ ಎದುರಿಗೆ ಕೂತಳು.

“ಈ ಗುಳಿ ಮ್ಯಾಲ ಬಂದೈತಲ್ಲಲೇ! ಸೊಲ್ಪ ಗಟ್ಟಿ ಅದ. ತಡಿ, ತಿಕ್ಕಿ ಸಾಪ್ ಮಾಡ್ತೀನಿ.”

ನಾನು ಅವಳ ಮಣಿಕಟ್ಟು ಹಿಡಿದೆ. ಸುಮ್ಮನಿದ್ದರೆ ಕೆನ್ನೆ ಕೆಡುತ್ತಿತ್ತು. ಹೇಳಿದರೆ, ಬೀಗರ ಮುಂದೆ, ಐಬು ಮುಚ್ಚಿಕೊಂಡ ಹುಡುಗಿ ಎನ್ನಿಸಿಕೊಳ್ಳುತ್ತಿದ್ದೆ.

“ಒತ್ತಬ್ಯಾಡ ದೊಡ್ಡವ್ವ. ಇಂಜೆಕ್ಷನ್ ಮಾಡ್ಸಿ ತುಂಬ್ಸೀನಿ. ಇನ್ನ ಮೂರು ದಿನ ಕೈ ಹಚ್ಚಂಗಿಲ್ಲ.”

“ಸೈಕಲ್ ಟ್ಯೂಬಿಗೆ ಗಾಳಿ ಹೊಡ್ಸಿದಂಗ ಹೊಡ್ಸಿಯೇನ?” ಎಂದಳು ದೊಡ್ಡವ್ವ. ಅವ್ವ ತಲೆ ತಗ್ಗಿಸಿದಳು. ಉಳಿದವರು ನಗಲಿಲ್ಲ; ಎಲ್ಲರೂ ಅತ್ತೆಯ ಮುಖ ನೋಡುತ್ತಿದ್ದರು.

“ನಮ್ಮ ಹುಡುಗಗ ಗೊತ್ತೈತೇನವಾ?” ಎಂದರು ಅತ್ತೆ.

“ಇಲ್ರಿ. ಇವತ್ತ ಹೇಳ್ತೀನಿ. ಒಂದು ವರ್ಷಕ್ಕ ಕರಗತೈತ್ರಿ, ಗುಳಿ ಮತ್ತ ಬರತೈತಿ. ಆಗ ಮತ್ತ ತುಂಬ್ಸ್ತೀನೋ ಇಲ್ಲೋ, ನಂಗೂ ಗೊತ್ತಿಲ್ರಿ.”

ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಬಿಟ್ಟದ್ದೂ ಏನಿರಲಿಲ್ಲ.

ಅತ್ತೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ತಮ್ಮ ಬತ್ತಿದ ಕೆನ್ನೆಯನ್ನು ಬೆರಳಿಂದ ಎಳೆದು ತೋರಿಸಿ, “ಹಂಗಾದ್ರ ಇದಕ್ಕೂ ಆಕ್ಕೈತೇನ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಬಾಯಿ ತೆರೆಯಿರಿ ಎಂದೆ. ಆ ಕಡೆ ಮೇಲಿನ ದವಡೆ ಹಲ್ಲು ಮೂರು ಇರಲಿಲ್ಲ.

“ಮೊದಲ ಹಲ್ಲು ಕಟ್ಟಿಸ್ಬೇಕ್ರಿ. ಒಳಗ ಆಸರ ಇಲ್ದಿದ್ರ ಬರೇ ಫಿಲ್ಲರಿಂದ ಆಗಂಗಿಲ್ಲ.”

“ಮದ್ವಿ ಮುಗೀಲಿ, ಕರ್ಕೊಂಡು ಹೋಗು,” ಎಂದರು. ಆಮೇಲೆ ಒಂದೇ ಬೆರಳಿಗೆ ಅರಿಶಿನ ಮುಟ್ಟಿಸಿ ನನ್ನ ಎಡಗೆನ್ನೆಗೆ ತಾವೇ ಹಚ್ಚಿದರು, ಒತ್ತದೆ.